ಬಾಣಂತಿ ಖೋಲಿಯ ಬಣ್ಣದ ಹಂಡೆ

ನನ್ನ ಕೆಲಸದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ನಾನು ನಾದಿನಿಯರಲ್ಲಿ ಯಾರಿಗೆ ಎಷ್ಟು ತಿಂಗಳು ಎಂದು ವಿಚಾರಿಸಿಕೊಳ್ಳಬೇಕಾಗುತ್ತಿತ್ತು. ಯಾರಿಗೂ ದಿನ ತಪ್ಪಿರದಿದ್ದರೆ ನನಗೊಂದು ಕೋಣೆ ಇತ್ತು. ಯಾರಾದರೊಬ್ಬರು ಹುಣಸೆಕಾಯಿ ಬೇಡಿದರೆಂದು ಸುದ್ದಿ ಬಂದರೆ ಸಾಕು, ನನ್ನ ಒಲೆ, ಬಣ್ಣದ ಮಡಕೆ, ಹಳೆ ಸೀರೆಯ ಗಂಟು ಎಲ್ಲವೂ ಹಿತ್ತಲಿಗೆ. ನಾದಿನಿಯರ ವಾಂತಿಗೆ ಹೆದರಿಕೊಂಡು ಬದುಕಿದ ಹೆಂಗಸು ಇಡೀ ಹುಮನಾಬಾದಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಮಾಡುತ್ತಿದ್ದದ್ದು ಕೌದಿ. ಹಳೆಯ ಹತ್ತಿ ಸೀರೆ, ಧೋತರ ತಂದು, ದಾಳಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಮಂಜಿಷ್ಠದ ಬೇರು, ತುಕ್ಕು ಹಿಡಿದ ಕಬ್ಬಿಣ ಇಂಥವುಗಳ ನೀರಿನಲ್ಲಿ ಕುದಿಸಿ ಬಣ್ಣ ಕಟ್ಟಿ, ತುಂಡು ಮಾಡಿ, ಪದರದ ಮೇಲೆ ಪದರ ಇಟ್ಟು ಹೊಲಿಯುವುದು. ಈಗ ಇದಕ್ಕೆ ಪರಿಸರಸ್ನೇಹಿ ವಸ್ತ್ರವಿನ್ಯಾಸ ಎಂದು ಉದ್ದನೆಯ ಹೆಸರು ಬಂದಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಇದಕ್ಕೆ ಜಿಪುಣತನ ಎನ್ನುತ್ತಿದ್ದರು. ಕಲಿತ ಸೊಸೆ ಬೇಕು ಎಂದು ಹುಡುಕಿ ತಂದರೆ ಅವಳು ಓಣಿಯ ಚಿಂದಿ ಆಯಲು ನಿಂತಳಲ್ಲ ಎಂಬುದು ನನ್ನ ಅತ್ತೆಯ ಮೊದಲ ವರ್ಷದ ದುಃಖ.

ಚಿಂದಿಯ ಹುಚ್ಚು ನನಗೆ ತವರಿನಿಂದ ಬಂದದ್ದು. ಬಸವಕಲ್ಯಾಣದಲ್ಲಿ ನಮ್ಮ ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಬಣ್ಣ ಹಾಕುವ ಒಂದು ಮುಸಲ್ಮಾನರ ಮನೆ ಇತ್ತು. ಅಲ್ಲಿಯ ಹಿರಿಯ ಹೆಂಗಸನ್ನು ಓಣಿಯೆಲ್ಲ ಖಾಲಾ ಎನ್ನುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಅವಳ ಅಂಗಳದಲ್ಲೇ ಬಿದ್ದಿರುತ್ತಿದ್ದೆ, ಮನೆಗೆ ಬರುವಾಗ ಮೊಣಕೈವರೆಗೆ ಒಂದೊಂದು ದಿನ ಒಂದೊಂದು ಬಣ್ಣ ಇರುತ್ತಿತ್ತು. ಅವ್ವ ಬೈದು ಬೈದು ಸೋತು, ಕೊನೆಗೆ ಅದನ್ನೇ ಓದಲಿ ಎಂದು ಗುಲಬರ್ಗಾದಲ್ಲಿ ವಸ್ತ್ರವಿನ್ಯಾಸದ ಕೋರ್ಸಿಗೆ ಹಾಕಿದಳು. ಅಲ್ಲಿ ಡಬ್ಬಿಯ ಬಣ್ಣ ಕಲಿಸಿದರು. ನನಗೆ ಖಾಲಾನ ಬಣ್ಣವೇ ಸೇರಿತು.

ಮದುವೆಯಾಗಿ ಹುಮನಾಬಾದಿಗೆ ಬಂದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೆ ಅಲ್ಲಿನ ಅಂಗಳ ಇಲ್ಲಿರಲಿಲ್ಲ. ನನ್ನ ಗಂಡನದು ಬಜಾರಿನಲ್ಲಿ ದಾರ, ಗುಂಡಿ, ಫಾಲು ಮಾರುವ ಅಂಗಡಿ. ಒಳ್ಳೆಯ ಮನುಷ್ಯ. ಅತ್ತೆ ಸೊಸೆಯ ಮಾತು ಏರುತ್ತಿದ್ದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಡುವಷ್ಟು ಒಳ್ಳೆಯವರು. ನಮ್ಮ ಜಗಳದ ದೆಸೆಯಿಂದ ಆ ಅಂಗಡಿ ಬಜಾರಿನಲ್ಲಿ ಎಲ್ಲರಿಗಿಂತ ಮೊದಲು ತೆರೆಯುತ್ತಿತ್ತು, ವ್ಯಾಪಾರವೂ ಚೆನ್ನಾಗಿ ನಡೆಯಿತು.

ಕೆಲಸಕ್ಕೆ ಜಾಗ ಹುಡುಕಿ ಹುಡುಕಿ ಸಾಕಾಯಿತು. ಮಾಳಿಗೆಯ ಮೇಲೆ ಬಣ್ಣ ಕಟ್ಟಿದರೆ ಬಿಸಿಲಿಗೆ ಬಟ್ಟೆ ಪಟ್ಟಿಪಟ್ಟಿಯಾಗಿ ಒಣಗಿತು. ಪಡಸಾಲೆಯಲ್ಲಿ ಕೂತರೆ ಬಂದವರೆಲ್ಲ ತುಂಡುಗಳನ್ನು ಎತ್ತಿ ನೋಡಿ, ಇದು ಇಂಥವರ ಧೋತರ ಅಲ್ಲವೇ ಎಂದು ಗುರುತು ಹಿಡಿಯುತ್ತಿದ್ದರು. ಅಡುಗೆಮನೆಯ ಪ್ರಯೋಗ ಒಂದೇ ದಿನಕ್ಕೆ ಮುಗಿಯಿತು. ಉಳ್ಳಾಗಡ್ಡಿ ಸಿಪ್ಪೆಯ ನೀರನ್ನು ಸಣ್ಣ ಉರಿಯಲ್ಲಿ ಇಟ್ಟು ನಾನು ಬಟ್ಟೆ ತರಲು ಹೋದಾಗ, ಅತ್ತೆ ಬಂದು ಮುಚ್ಚಳ ತೆಗೆದು ನೋಡಿ, ಸೊಸೆ ಬೇಳೆಸಾರಿಗೆ ಒಗ್ಗರಣೆ ಕೊಡುವುದನ್ನು ಮರೆತಿದ್ದಾಳೆ ಎಂದು ಸಾಸಿವೆ, ಕರಿಬೇವು, ಇಂಗು ಹಾಕಿ ಚುಂಯ್ ಅನ್ನಿಸಿಬಿಟ್ಟರು. ಆ ಸೀರೆಗೆ ಚಿನ್ನದಂಥ ಬಣ್ಣ ಬಂತು, ಇಂಗಿನ ವಾಸನೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಅಂದಿನಿಂದ ನನ್ನ ಪಾತ್ರೆಗಳಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಆಗ ನನ್ನ ಕಣ್ಣು ಬಿದ್ದದ್ದು ಬಾಣಂತಿ ಖೋಲಿಯ ಮೇಲೆ. ಮನೆಯ ಹಿಂಭಾಗದಲ್ಲಿ, ಹಿತ್ತಲ ಬಾಗಿಲಿನ ಪಕ್ಕದ ಕತ್ತಲು ಕೋಣೆ ಅದು. ಒಂದು ಮೂಲೆಯಲ್ಲಿ ನೀರು ಕಾಯಿಸುವ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಪಕ್ಕದಲ್ಲಿ ಕಲ್ಲು ಹಾಸಿದ ಬಚ್ಚಲು, ನೀರು ಹರಿದುಹೋಗಲು ಮೋರಿ. ಇನ್ನೊಂದು ಮೂಲೆಯಲ್ಲಿ ಹುರಿ ಹೆಣೆದ ಹೊರಸು. ಮೇಲೆ ಅಟ್ಟ. ಗಾಳಿ ಆಡದ ಒಂದೇ ಒಂದು ಕಿಂಡಿ. ಆ ಮನೆಯ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಾಗ ಅಲ್ಲಿ ಮಲಗುತ್ತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ಆದರೂ ಬಾಣಂತನ ಮಾತ್ರ ಆ ಖೋಲಿಯಲ್ಲೇ ಆಗಬೇಕು. ನೋಡಿದ ಕೂಡಲೇ ನನಗೆ ಹೊಳೆಯಿತು. ಬಾಣಂತಿಗೆ ಬೇಕಾದದ್ದೇ ಬಣ್ಣಕ್ಕೂ ಬೇಕು. ಬಿಸಿನೀರು ಬೇಕು, ಬಿಸಿಲು ಬೇಡ, ಗಾಳಿ ಬೇಡ, ಮಂದಿಯ ಕಣ್ಣು ಬೇಡವೇ ಬೇಡ.

ಕೇಳಿದೆ. ಅತ್ತೆ ಒಂದು ಕರಾರು ಹಾಕಿದರು.

"ಮಗಳು ಬರೂತನ ಇಟ್ಕೋ. ಮಗಳು ಬಂದ ದಿನ ನಿನ್ನ ಗಂಟು ಹೊರಗ."

ಅವರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳನ್ನು ನಿರ್ಣಾಕ್ಕೆ ಕೊಟ್ಟಿದ್ದರು, ಅವಳು ಹೆತ್ತು ಮುಗಿಸಿ ಆಪರೇಶನ್ ಮಾಡಿಸಿಕೊಂಡಿದ್ದಳು, ಅವಳ ಕಡೆಯಿಂದ ನನಗೆ ಭಯವಿರಲಿಲ್ಲ. ನಡುವಿನವಳು ನಾರಾಯಣಪುರದವಳು. ನನ್ನ ಎಲ್ಲ ಕಷ್ಟಕ್ಕೂ ಅವಳೇ ಮೂಲ. ಸಣ್ಣವಳು ಮದುವೆಯಾಗಿ ಹೈದರಾಬಾದಿಗೆ ಹೋಗಿ, ಇನ್ನೂ ಸಿನಿಮಾ ನೋಡುವುದರಲ್ಲೇ ಇದ್ದಳು. ನನ್ನ ಎರಡು ಬಾಣಂತನಗಳು ಬಸವಕಲ್ಯಾಣದಲ್ಲಿ, ನನ್ನ ತವರಿನಲ್ಲಿ ಆದವು. ಸೊಸೆಯಂದಿರು ಆ ಖೋಲಿಯಲ್ಲಿ ಮಲಗುವ ಪದ್ಧತಿಯೇ ಇರಲಿಲ್ಲ, ಅದು ಮನೆಮಗಳ ಹಕ್ಕು. ಇದೆಲ್ಲ ಎಲ್ಲ ಮನೆಯಲ್ಲೂ ಇದ್ದದ್ದೇ ಆದ್ದರಿಂದ ನಾನು ಅದರ ಬಗ್ಗೆ ವಿಚಾರ ಮಾಡಿರಲೂ ಇಲ್ಲ.

ಕರಾರಿನ ಪ್ರಕಾರ ಕೆಲಸ ಶುರುವಾಯಿತು. ಅದರ ಜೊತೆಗೆ ಸಿಪ್ಪೆಯ ಯುದ್ಧವೂ ಶುರುವಾಯಿತು. ನಮ್ಮ ಮನೆಯಲ್ಲಿ ಕಸ ಎಂಬುದು ಇರಲೇ ಇಲ್ಲ, ಇದ್ದ ಕಸಕ್ಕೆ ಇಬ್ಬರು ವಾರಸುದಾರರಿದ್ದೆವು. ಉಳ್ಳಾಗಡ್ಡಿ ಸಿಪ್ಪೆ ನನ್ನದು. ಬೆಳ್ಳುಳ್ಳಿ ಸಿಪ್ಪೆ ಅತ್ತೆಯದು, ಅದನ್ನು ಓಮಿನ ಜೊತೆ ಕೆಂಡಕ್ಕೆ ಹಾಕಿ ಬಾಣಂತಿಗೆ, ಕೂಸಿಗೆ ಹೊಗೆ ಕೊಡುವುದಕ್ಕೆ. ದಾಳಿಂಬೆ ಸಿಪ್ಪೆಗೆ ಮಾತ್ರ ಇಬ್ಬರೂ ಬಡಿದಾಡುತ್ತಿದ್ದೆವು. ನನಗೆ ಹಳದಿ ಬೇಕು, ಅವರಿಗೆ ಹೊಟ್ಟೆ ಕಡಿತದ ಕಷಾಯ ಬೇಕು. ಕೊನೆಗೆ ನಾನು ಮಾಣಿಕನಗರದ ಜ್ಯೂಸಿನ ಗಾಡಿಯವನನ್ನು ಹಿಡಿದೆ. ಅವನು ಚೀಲಗಟ್ಟಲೆ ಸಿಪ್ಪೆ ಆಟೋದಲ್ಲಿ ಹಾಕಿ ಕಳಿಸತೊಡಗಿದ ಮೇಲೆ, ಈ ಮನೆಯವರಿಗೆ ಅದೇನು ಹೊಟ್ಟೆ ಕಡಿತವೋ ಎಂದು ಓಣಿಯವರು ಮರುಗಿದರು.

ನಡುವಿನ ನಾದಿನಿ ನನ್ನನ್ನು ಮೊದಲ ಸಲ ಹೊರಗೆ ಹಾಕಿದಾಗ ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಎರಡನೆಯ ಸಲ ಸುದ್ದಿ ಬಂದಾಗ, ಅವಳ ಗಂಡನಿಗೆ ಬೇರೆ ಉದ್ಯೋಗವಿಲ್ಲವೇನು ಎಂದು ಬಾಯಿ ಜಾರಿತು. ಅತ್ತೆಗೆ ಕೇಳಿಸಿತು, ನನ್ನ ಗಂಡನಿಗೆ ಕೇಳಿಸಿತು, ಅಂಗಡಿ ಆ ದಿನ ಕತ್ತಲಿದ್ದಾಗಲೇ ತೆರೆಯಿತು. ಅತ್ತೆ ಮಾತ್ರ ತಿರುಗಿ ಬೈಯಲಿಲ್ಲ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಹಾಡಿನ ಸಾಲೊಂದನ್ನು ಗುನುಗುತ್ತಿದ್ದರು. ಮಗಳು ಬರುತ್ತಾಳೆಂದರೆ ಅವರ ಕಿವಿ ಬೇರೆ ಏನನ್ನೂ ಒಳಗೆ ಬಿಡುತ್ತಿರಲಿಲ್ಲ.

ಆ ಬಾಣಂತನದ ಕಾಲದಲ್ಲೇ ನನಗೆ ಹೈದರಾಬಾದಿನ ಮೇಡಂ ಸಿಕ್ಕದ್ದು. ಗುಲಬರ್ಗಾದಲ್ಲಿ ಒಂದು ಪ್ರದರ್ಶನಕ್ಕೆ ಕೌದಿ ಇಟ್ಟಿದ್ದೆ. ಆಕೆಯದು ಹೈದರಾಬಾದಿನ ಶ್ರೀಮಂತರ ಬಡಾವಣೆಯಲ್ಲಿ ಕೂಸುಗಳ ಸಾಮಾನಿನ ಅಂಗಡಿ. ಮೆತ್ತನೆಯ ಹಳೆ ಬಟ್ಟೆಯ ಸಣ್ಣ ಕೌದಿಗಳು ಬೇಕು ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ಊರೆಲ್ಲ ಆಡಿಕೊಳ್ಳುತ್ತದೆ, ನನಗೆ ಅದೇ ವ್ಯಾಪಾರವಾಯಿತು. ಖೋಲಿಯಲ್ಲಿ ನಾದಿನಿ ಮಲಗಿದ್ದಳು, ಬೇರೆ ಕಡೆ ಇಲಿಯ ಕಾಟ, ಹಾಗಾಗಿ ಹೊಲಿದ ಕೌದಿಗಳನ್ನೆಲ್ಲ ಆ ಖೋಲಿಯ ಅಟ್ಟದ ಮೇಲೇ ಪೇರಿಸಿಟ್ಟೆ. ದಿನವೂ ಬೆಳಿಗ್ಗೆ ಸಂಜೆ ಅತ್ತೆ ಕೆಳಗೆ ಶೇಗಡಿಯಲ್ಲಿ ಕೆಂಡ ಹಾಕಿ, ಓಮು, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುತ್ತಿದ್ದರು. ಹೊಗೆ ಮೇಲೆ ಹೋಗುತ್ತದೆ ಎಂಬ ಸಣ್ಣ ಸಂಗತಿ ಕಲಿತ ಸೊಸೆಗೆ ಹೊಳೆಯಲಿಲ್ಲ.

ಮಾಲು ಹೋಯಿತು. ಕೆಲವು ದಿನಗಳಲ್ಲಿ ಫೋನು ಬಂತು. ಕೌದಿಗೆ ಒಂದು ವಾಸನೆ ಇದೆಯಲ್ಲ ಎಂದು ಮೇಡಂ ಶುರುಮಾಡಿದರು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ, ಅದು ಯಾವ ಗಿಡಮೂಲಿಕೆಯ ಸಂಸ್ಕಾರ, ಆ ಕೌದಿಯಲ್ಲಿ ಸುತ್ತಿದರೆ ಕೂಸುಗಳು ಅಳುವುದೇ ಇಲ್ಲವಂತೆ, ಗಿರಾಕಿಗಳು ಮೂಸಿ ಮೂಸಿ ಒಯ್ಯುತ್ತಿದ್ದಾರೆ, ಮುಂದಿನ ಎಲ್ಲ ಮಾಲಿಗೂ ಅದೇ ವಾಸನೆ ಇರಲೇಬೇಕು ಎಂದರು. ಅದು ನಮ್ಮ ಮನೆತನದ ಪದ್ಧತಿ ಎಂದು ನಾನು ಗಂಭೀರವಾಗಿ ಹೇಳಿದೆ. ಸುಳ್ಳೇನೂ ಆಗಿರಲಿಲ್ಲ.

ಫೋನಿಟ್ಟ ಮೇಲೆ ತಿಳಿಯಿತು ನಾನು ಎಂಥ ಇಕ್ಕಟ್ಟಿನಲ್ಲಿ ಬಿದ್ದೆ ಎಂದು. ನಾದಿನಿ ಕೂಸು ಎತ್ತಿಕೊಂಡು ನಾರಾಯಣಪುರಕ್ಕೆ ಹೋಗಿದ್ದಳು. ಖೋಲಿ ನನ್ನ ಕೈಗೆ ಬಂದಿತ್ತು, ಹೊಗೆ ನಿಂತುಹೋಗಿತ್ತು. ಬಾಣಂತಿ ಬಂದರೆ ಬಣ್ಣಕ್ಕೆ ಜಾಗವಿಲ್ಲ, ಬಾಣಂತಿ ಹೋದರೆ ಹೊಗೆಯಿಲ್ಲ. ಅಲ್ಲಿಯವರೆಗೆ ನಾದಿನಿಯರು ಬಸಿರಾಗದಿರಲಿ ಎಂದು ಹರಕೆ ಹೊರುತ್ತಿದ್ದವಳು ಈಗ ಆಗಲಿ ಎಂದು ಹೊರಬೇಕಾಯಿತು. ದೇವರಿಗೂ ಗೊಂದಲವಾಗಿರಬೇಕು.

ಅತ್ತೆಯನ್ನು ಕೇಳಿ ನೋಡಿದೆ. ಶೇಗಡಿ ಹಚ್ಚಿ ಸ್ವಲ್ಪ ಓಮು ಹಾಕಿದರೆ ಆಯಿತಲ್ಲ, ಅರ್ಧ ತಾಸಿನ ಕೆಲಸ ಎಂದೆ. ಅವರು ಮುಖ ಗಂಟಿಕ್ಕಿಕೊಂಡರು.

"ಬಾಣಂತಿಲ್ಲ, ಕೂಸಿಲ್ಲ, ಖಾಲಿ ಖೋಲ್ಯಾಗ ಆ ಹೊಗಿ ಹಾಕಿದ್ರ ಏನರ್ಥ ಗೊತ್ತದ ಏನು ನಿನಗ? ಹಾಸಿಗಿ ಖಾಲಿ ಆತು ಅಂತ ಸಾರಿದಂಗ. ನನ್ನ ಮಕ್ಕಳು ಇನ್ನಾ ಹಡಿಯೋರು ಇದ್ದಾರ."

ನಾನೇ ಕದ್ದು ಅಡುಗೆಮನೆಯಲ್ಲಿ ಹಚ್ಚೋಣವೆಂದರೆ ಆ ವಾಸನೆ ಬಚ್ಚಿಡುವಂಥದ್ದಲ್ಲ, ಓಣಿಯೆಲ್ಲ ಬಂದು ಯಾರಿಗೆ ಹೆರಿಗೆಯಾಯಿತು ಎಂದು ಕೇಳುತ್ತಿತ್ತು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಬಾಣಂತಿ ನಮ್ಮ ಮನೆಯವಳೇ ಆಗಬೇಕೆಂದು ಮೇಡಂ ಹೇಳಿರಲಿಲ್ಲವಲ್ಲ. ಮಾಣಿಕನಗರದಲ್ಲಿ ಗಂಡನ ಗಿರಾಕಿಯೊಬ್ಬರ ಮನೆಯಲ್ಲಿ ಮಗಳು ಹೆತ್ತಿದ್ದಾಳೆಂದು ತಿಳಿದು, ಕೌದಿಗಳ ದೊಡ್ಡ ಗಂಟು ಆಟೋದಲ್ಲಿ ಹಾಕಿಕೊಂಡು ಹೊರಟೆ. ಮಂದಿ ಕೂಸು ನೋಡಲು ಕುಂಚಿಗೆ, ಉಡುಗೊರೆ ಒಯ್ಯುತ್ತಾರೆ. ನಾನು ಒಯ್ದದ್ದನ್ನು ನೋಡಿ ಆ ಮನೆಯವರು, ಇಷ್ಟೊಂದು ಯಾಕೆ ತಂದಿರಿ, ಒಂದು ಸಾಕಾಗಿತ್ತು ಎಂದು ನಾಚಿಕೊಂಡರು. ಇವು ನಿಮಗಲ್ಲ, ನಿಮ್ಮ ಹೊಗೆಗೆ ಎಂದು ತಿಳಿಸಿ ಹೇಳುವುದರೊಳಗೆ ನನ್ನ ಮಾನ ಅರ್ಧ ಹೋಗಿತ್ತು. ಒಂದು ಕೌದಿ ಕೂಸಿಗೆ ಬಿಟ್ಟುಕೊಟ್ಟು, ಉಳಿದವನ್ನು ಅವರ ಖೋಲಿಯಲ್ಲಿ ಹಗ್ಗ ಕಟ್ಟಿ ತೂಗುಹಾಕಿ ಬಂದೆ.

ಆ ಮನೆಯ ಅಜ್ಜಿಗೆ ದೃಷ್ಟಿಯ ಭಯ ಹೆಚ್ಚು ಎಂದು ನನಗೆ ಗೊತ್ತಿರಲಿಲ್ಲ. ಊರಿನ ಹೆಂಗಸೊಬ್ಬಳು ಗಂಟು ಹೊತ್ತುಕೊಂಡು ಬಂದು ಬಾಣಂತಿಯ ಖೋಲಿಯೆಲ್ಲ ನೋಡಿಹೋದಳೆಂದು, ಅಜ್ಜಿ ನನ್ನ ಹೆಸರಿನಲ್ಲೇ ದೃಷ್ಟಿ ತೆಗೆದು, ಹಿಡಿ ತುಂಬ ಒಣಮೆಣಸಿನಕಾಯಿ ಕೆಂಡಕ್ಕೆ ಹಾಕಿದ್ದರು. ವಾಪಸು ತಂದ ಕೌದಿ ಕೊಡವಿದರೆ ಪಡಸಾಲೆಯಲ್ಲಿ ಇದ್ದವರೆಲ್ಲ ಕೆಮ್ಮಿದರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೆಣಸಿನಕಾಯಿಯಿಂದ ಬಂದ ನೀರೋ ನಗೆಯಿಂದ ಬಂದದ್ದೋ ನಾನು ಕೇಳಲು ಹೋಗಲಿಲ್ಲ. ಮೇಡಂಗೆ ಈ ಸಲ ವಾಸನೆ ಇಲ್ಲದ ಮಾಲು ಕಳಿಸಿದೆ. ಆಕೆ ಅರ್ಧಕ್ಕರ್ಧ ತಿರುಗಿ ಕಳಿಸಿದರು.

ಮುಂದಿನ ವರ್ಷ ದೇವರು ಕಣ್ಣು ತೆರೆದ. ಹೈದರಾಬಾದಿನ ಸಣ್ಣ ನಾದಿನಿಗೆ ದಿನ ತಪ್ಪಿತು. ಹೊಸ ಶತಮಾನ ಬಂದಿತ್ತು, ನನ್ನ ಕಿರಿಯ ಮಗಳೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಅತ್ತೆಗಿಂತ ನಾನೇ ಹೆಚ್ಚು ಕುಣಿದಾಡಿದ್ದರಿಂದ ಅತ್ತೆ ಸಂಶಯದಿಂದ ನೋಡಿದರು. ಚೊಚ್ಚಲ ಬಸಿರು, ಕೊನೆಯ ಮಗಳು, ಬಾಣಂತನಕ್ಕೆ ಬಂದೇ ಬರುತ್ತಾಳೆ. ಮೇಡಂಗೆ ಫೋನು ಮಾಡಿ, ಈ ಸಲದ ಮಾಲಿಗೆ ಮನೆತನದ ಪದ್ಧತಿ ಪೂರ್ತಿ ಇರುತ್ತದೆ ಎಂದು ಮಾತು ಕೊಟ್ಟೆ. ಆಕೆ ದೊಡ್ಡ ಆರ್ಡರು ಕೊಟ್ಟರು. ಜೊತೆಗೆ, ತಾವೇ ಬಂದು ನನ್ನ ಸ್ಟುಡಿಯೋ ನೋಡಿ ಮಾಲು ಒಯ್ಯುವುದಾಗಿಯೂ, ಈ ಸಲವೂ ಆ ವಾಸನೆ ಇರದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುವುದಾಗಿಯೂ ಹೇಳಿದರು. ಸ್ಟುಡಿಯೋ ಎಂದರೆ ಫೋಟೋದ್ದು ಎಂದೇ ನಮ್ಮ ಓಣಿಗೆ ತಿಳಿದಿತ್ತು. ಹೀಗಾಗಿ ನನ್ನ ಗಂಡನಿಗೆ, ಕ್ಯಾಮೆರಾ ಯಾವಾಗ ತಂದಿರಿ ಎಂಬ ಪ್ರಶ್ನೆಗೆ ಬಹಳ ದಿನ ಉತ್ತರ ಹೇಳಬೇಕಾಯಿತು.

ಬಣ್ಣದ ಕೆಲಸ ಬೇಗ ಮುಗಿಸಿ, ಹೇಳುವ ಮೊದಲೇ ನಾನು ಖೋಲಿ ಖಾಲಿ ಮಾಡಿದೆ. ಅತ್ತೆ ಗೋಡೆಗೆ ಸುಣ್ಣ ಬಳಿಸಿದರು. ಹೊರಸಿಗೆ ಹೊಸ ಹುರಿ ಹೆಣೆಸಿದರು. ಹಂಡೆ ಎಷ್ಟು ಬೆಳಗಿದರೆಂದರೆ ಕತ್ತಲೆಯ ಖೋಲಿಯಲ್ಲಿ ಅದೇ ದೀಪವಾಯಿತು. ಅಂಟು, ಕೊಬ್ಬರಿ, ಖಾರೀಕು ಕುಟ್ಟಿ ಬಾಣಂತಿಗೆಂದು ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿದರು. ಹೊಲಿದ ಕೌದಿಗಳನ್ನು ನಾನು ಅಟ್ಟಕ್ಕೇರಿಸಿ, ಮೊದಲ ಹೊಗೆಗೆ ಕಾಯುತ್ತ ಕೂತೆ. ಅತ್ತೆ ಸೊಸೆ ಒಂದೇ ಕೂಸಿಗಾಗಿ ಇಷ್ಟು ಒಗ್ಗಟ್ಟಿನಿಂದ ಕಾದ ಕಾಲ ಅದೊಂದೇ.

ಆಮೇಲೆ ಸಣ್ಣವಳ ಫೋನು ಬಂತು. ಗಂಡುಮಗು ಆಗಿದೆ, ದೊಡ್ಡ ಆಸ್ಪತ್ರೆ, ಎಲ್ಲ ಚೆನ್ನಾಗಿದೆ. ಬಾಣಂತನಕ್ಕೆ ಬರುವುದಿಲ್ಲ. ಇಲ್ಲಿ ಗೀಜರ್ ಇದೆ, ಆಯಾ ಇಟ್ಟಿದ್ದಾರೆ, ಡಾಕ್ಟರು ಹೊಗೆ ಕೂಸಿಗೆ ಒಳ್ಳೆಯದಲ್ಲ ಎಂದಿದ್ದಾರೆ, ಅವ್ವಗೆ ನೀನೇ ತಿಳಿಸಿ ಹೇಳು ವೈನಿ ಎಂದಳು. ನಾನು ಹೇಳಬೇಕಾಗಲಿಲ್ಲ. ಅತ್ತೆ ನನ್ನ ಮುಖ ನೋಡುತ್ತ ಪಕ್ಕದಲ್ಲೇ ನಿಂತಿದ್ದರು. ಒಳ್ಳೆಯದಾಯಿತು, ಅಲ್ಲಿಯೇ ಸುಖವಾಗಿರಲಿ ಎಂದರು. ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಹೊಸ ಹುರಿಯ ಹೊರಸಿನ ಮೇಲೆ ಕೂತರು.

ಮರುದಿನವೂ ಹಾಗೇ ಕೂತರು, ಅದರ ಮರುದಿನವೂ. ಊಟಕ್ಕೆ ಕರೆದರೆ ಬಂದು ಉಂಡು ಮತ್ತೆ ಹೋಗಿ ಕೂಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಖೋಲಿಗೆ ಬಾಣಂತಿಯೂ ಬರಲಿಲ್ಲ, ನನಗೂ ಸಿಗಲಿಲ್ಲ, ಮೇಡಂ ಬರುವ ದಿನ ಹತ್ತಿರ ಬರುತ್ತಿತ್ತು, ಅಟ್ಟದ ಮೇಲಿನ ಕೌದಿಗಳಿಗೆ ಸುಣ್ಣದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಈ ಕೆಲಸ ಕೈತಪ್ಪಿದರೆ ಮತ್ತೆ ಗಂಡನ ಅಂಗಡಿಯ ಫಾಲು ಹೊಲಿಯುತ್ತ ಕೂಡಬೇಕು, ಅದು ನನಗೆ ಸಾವಿನಂಥ ಮಾತು. ಆದರೆ ಆ ಮುಖ ನೋಡಿ ಹೊಗೆಯ ಮಾತು ಎತ್ತಲು ನಾಲಿಗೆ ಬರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕೆಟ್ಟ ಕಾಲ ಬಂದಿತ್ತು.

ಮೇಡಂ ಮಧ್ಯಾಹ್ನ ಬರುವವರಿದ್ದರು. ಆ ದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಆಕೆಗೆ ಏನು ಸುಳ್ಳು ಹೇಳಲಿ ಎಂದು ವಿಚಾರ ಮಾಡುತ್ತ ಕೂತಿದ್ದೆ. ಹಿಂದಿನಿಂದ ಅತ್ತೆ ಕರೆದರು. ಹೋದೆ. ಶೇಗಡಿಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಅಟ್ಟದ ಕೌದಿಗಳೆಲ್ಲ ಕೆಳಗಿಳಿದು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು.

"ಬಾ, ಮಲ್ಕೋ," ಎಂದರು.

"ಯಾರ್ರೀ?"

"ನೀನೇ. ಖಾಲಿ ಹೊರಸಿಗೆ ನಾ ಹೊಗಿ ಹಾಕಂಗಿಲ್ಲ ಅಂತ ಹೇಳೀನಿ. ಬಾಣಂತಿ ಬೇಕು."

ನನ್ನ ಕಿರಿಯ ಮಗಳೇ ನಾಲ್ಕನೆಯ ಇಯತ್ತೆ ಎಂದು ನೆನಪಿಸಿದೆ. ಅತ್ತೆ ನನ್ನ ತೋಳು ಹಿಡಿದು ಹೊರಸಿನ ಕಡೆ ದೂಡಿದರು.

"ಹಡದೀ ಇಲ್ಲೋ? ಹಡದಾಕಿ ಬಾಣಂತಿನೇ. ಯಾವಾಗ ಹಡದಿ ಅಂತ ಹೊಗಿ ಕೇಳಂಗಿಲ್ಲ."

ಈ ಶಾಸ್ತ್ರವನ್ನು ಅವರು ಆ ಮೂರು ದಿನ ಹೊರಸಿನ ಮೇಲೆ ಕೂತು ತಾವೇ ಕಂಡುಹಿಡಿದಿದ್ದರು. ನಾನು ಮಲಗಿದೆ. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಅಂಗಾಲಿಗೆ ಎಣ್ಣೆ ತಿಕ್ಕಿದರು. ಒಂದರ ಮೇಲೊಂದು ಕೌದಿ ಹೊದಿಸಿ, ಓಮು, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಶೇಗಡಿಯನ್ನು ಹೊರಸಿನ ಕೆಳಗೆ ಸರಿಸಿದರು. ಹೊಗೆ ಎದ್ದು ಬೆಚ್ಚಗೆ ಬೆನ್ನಿಗೆ ತಾಕಿತು. ಬೆನ್ನು ಹಿಡಿದದ್ದು ಬಿಟ್ಟಿತು. ಏನೋ ಮಾತಾಡಲು ಹೋದರೆ, ಬಾಣಂತಿ ಮಾತಾಡಬಾರದು, ಗಾಳಿ ಒಳಗೆ ಹೊಗುತ್ತದೆ ಎಂದು ಗದರಿದರು. ಆಮೇಲೆ, ಕೆಂಡ ಕೆದಕುತ್ತ, ನನ್ನ ಕಡೆ ನೋಡದೆ ಹೇಳಿದರು.

"ಈ ಖೋಲ್ಯಾಗ ಈ ಮನಿ ಹೆಣ್ಣುಮಕ್ಕಳು ಎಲ್ಲಾರೂ ಮಲಗ್ಯಾರ. ನೀ ಮಲಗಿಲ್ಲ. ನಾನೂ ಮಲಗಿಲ್ಲ. ನಮ್ಮಿಬ್ಬರದೂ ಇಲ್ಲಿ ಬರೇ ನೀರು ಕಾಸೋ ಕೆಲಸ ಆತು."

ಕೌದಿಗಳ ಅಡಿಯಲ್ಲಿ ನನಗೆ ಅಳು ಬಂತು. ಹೊಗೆಯಿದ್ದದ್ದರಿಂದ ನೆವ ಹುಡುಕಬೇಕಾಗಲಿಲ್ಲ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಕಾರು ನಿಂತ ಸಪ್ಪಳ. ಮಧ್ಯಾಹ್ನ ಬರಬೇಕಾದ ಮೇಡಂ ಹೆದ್ದಾರಿ ಖಾಲಿ ಸಿಕ್ಕಿತೆಂದು ಬೆಳಿಗ್ಗೆಯೇ ಬಂದಿದ್ದರು. ನಾನು ಎದ್ದು ಕೂಡಲು ನೋಡಿದೆ, ಅತ್ತೆ ಎದೆಯ ಮೇಲೆ ಕೈಯಿಟ್ಟು ಮಲಗಿಸಿದರು. ಹೊಗೆ ಹಾಕಿದ ಮೇಲೆ ಬಾಣಂತಿ ಅರ್ಧಕ್ಕೆ ಏಳುವ ಹಾಗಿಲ್ಲ, ಬಂದವರು ಕಾಯಲಿ ಎಂದರು. ಆ ದಿನ ಮನೆಯಲ್ಲೇ ಇದ್ದ ಗಂಡ ಮೇಡಂ ಅವರನ್ನು ಹಿತ್ತಲ ಕಡೆ ಕರೆದುಕೊಂಡು ಬಂದರು. ಬಾಗಿಲಲ್ಲೇ ಅತ್ತೆ ತಡೆದು, ಕಾಲು ತೊಳೆದುಕೊಂಡು ಬನ್ನಿ ಎಂದು ಸನ್ನೆ ಮಾಡಿದರು. ಮೇಡಂ ಕಾಲು ತೊಳೆದು ಇಣುಕಿದರು. ಕತ್ತಲು, ಕೆಂಡ, ಸಾಲು ಕೌದಿ, ಹೊರಸಿನ ಮೇಲೆ ಕೌದಿಯ ಗುಡ್ಡ, ಅದರ ತುದಿಗೆ ಬಟ್ಟೆ ಕಟ್ಟಿದ ನನ್ನ ತಲೆ. ಆಕೆಯ ಮುಖ ಅರಳಿತು. ತಮ್ಮ ಹೈದರಾಬಾದಿ ಹಿಂದಿಯಲ್ಲಿ ನನ್ನ ಗಂಡನಿಗೆ ಶುಭಾಶಯ ಹೇಳಿ, ಗಂಡೋ ಹೆಣ್ಣೋ ಎಂದು ಕೇಳಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಯ ನಡುವೆ ನನ್ನ ಗಂಡ ಒಬ್ಬರೇ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಅಂಗಡಿ ಕಡೆ ಓಡಲು ದಾರಿಯೂ ಇರಲಿಲ್ಲ. ಅವರು ಖೋಲಿಯೊಳಗೆ ನೋಡಿದರು, ತಾಯಿಯ ಮುಖ ನೋಡಿದರು, ಕೊನೆಗೆ ಹಗ್ಗದ ಮೇಲಿನದನ್ನೆಲ್ಲ ಕೈಮಾಡಿ ತೋರಿಸಿ, ಕೌದಿಗಳು ಆಗಿವೆ ಎಂದು ಬಹಳ ವಿನಯದಿಂದ ಹೇಳಿದರು.

ಮೇಡಂಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಂದು ಕೌದಿಯನ್ನು ಎಳೆದು ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡರು. ತಮ್ಮ ನಾನಿಯ ಮನೆಯ ವಾಸನೆ ಎಂದರು. ಮಾಲಿನ ಬಗ್ಗೆ ಆಮೇಲೆ ಮಾತೇ ಬರಲಿಲ್ಲ, ಇದ್ದದ್ದನ್ನೆಲ್ಲ ಕಾರಿಗೆ ಹಾಕಿಸಿದರು. ಹೋಗುವಾಗ, ನಿಮ್ಮ ಸ್ಟುಡಿಯೋ ಬಹಳ ಚೆನ್ನಾಗಿದೆ, ಹೀಗೇ ಇಟ್ಟುಕೊಳ್ಳಿ ಎಂದು ಅತ್ತೆಯ ಕೈ ಹಿಡಿದು ಹೇಳಿದರು. ಅತ್ತೆ ಆಕೆಗೆ ಅಂಟಿನುಂಡೆ ಕೊಟ್ಟು ಕಳಿಸಿದರು, ಡಬ್ಬಿ ಹೇಗೂ ತುಂಬಿತ್ತು.

ಅಲ್ಲಿಂದ ಮುಂದೆ ಖೋಲಿಯ ಕರಾರು ಬದಲಾಯಿತು. ಬಣ್ಣ ಕಟ್ಟುವ ದಿನ ಹಂಡೆ ನನ್ನದು. ಮಾಲು ಹೋಗುವ ದಿನ ಹೊಗೆ, ಹೊಗೆಗೆ ಒಬ್ಬ ಬಾಣಂತಿ. ಎರಡು ಮೂರು ಸಲ ನಾನೇ ಮಲಗಿದೆ. ಆಮೇಲೊಂದು ಸಲ, ಗಣಪತಿ ಹಬ್ಬದ ಮಾಲು ಇರಬೇಕು, ನಾನು ಶೇಗಡಿ ಹಚ್ಚಿ ಅತ್ತೆಗೆ ಹೊರಸು ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿ, ಮುದುಕಿಯನ್ನು ಮಲಗಿಸಿ ಊರಿಗೆ ನಗೆಪಾಟಲು ಮಾಡುತ್ತೀಯಾ ಎಂದರು. ಹಡದಾಕಿ ಬಾಣಂತಿನೇ, ಹೊಗಿ ಕೇಳಂಗಿಲ್ಲ ಎಂದು ಅವರ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟೆ. ಬೈಯುತ್ತಲೇ ಮಲಗಿದರು.

ತಲೆಗೆ ಬಟ್ಟೆ ಕಟ್ಟಿ, ಅಂಗಾಲಿಗೆ ಎಣ್ಣೆ ತಿಕ್ಕತೊಡಗಿದೆ. ಎಣ್ಣೆ ಸಾಲದು ಎಂದರು. ಹೊಗೆ ಹೆಚ್ಚಾಯಿತು ಎಂದರು. ಬಾಣಂತಿಗೆ ಸಬ್ಬಸಿಗೆ ಪಲ್ಯ ಯಾರು ಮಾಡುತ್ತಾರೆ ಎಂದು ಕೇಳಿದರು. ನಾಲ್ಕು ಹೆತ್ತ ಹೆಂಗಸು ಹೀಗೆ ಚೊಚ್ಚಲದವಳ ಹಾಗೆ ರಗಳೆ ತೆಗೆಯುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ಬಾಣಂತನದಲ್ಲಿ ನಿಮ್ಮವ್ವನನ್ನೂ ಹೀಗೇ ಕಾಡಿಸಿದಿರಾ ಎಂದು ಕೇಳಿದೆ. ಅವರು ಕೌದಿಯ ಅಂಚನ್ನು ಗದ್ದದವರೆಗೆ ಎಳೆದುಕೊಂಡರು.

"ನಮ್ಮವ್ವ ನನ್ನ ಮದಿವಿಕಿಂತ ಮೊದಲೇ ಹೋಗಿದ್ದಳು. ಅಣ್ಣನ ಹೆಣ್ತಿ ನೀರು ಹಾಕ್ತಿದ್ದಳು. ಬಿಸಿ ಇರ್ತಿದ್ದಿಲ್ಲ."

ನಾನು ಇನ್ನೊಂದು ಕೌದಿ ಹೊದಿಸಿ, ಕಾಲ ಕಡೆ ಮಡಚಿ ಗಾಳಿ ಹೋಗದ ಹಾಗೆ ಮಾಡಿದೆ. ಕೆಂಡ ಕೆದಕಿ ತಿರುಗಿ ನೋಡುವುದರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ನಾನು ಆ ಮನೆಗೆ ಬಂದಾಗಿನಿಂದ ಅವರು ಹಗಲು ಮಲಗಿದ್ದನ್ನು ಕಂಡಿರಲಿಲ್ಲ. ಹೊಗೆ ಹಾಕುವ ಹೊತ್ತು ಮುಗಿದಿತ್ತು, ಕೌದಿಗಳನ್ನು ಮಡಚಿ ಗಂಟು ಕಟ್ಟಬೇಕಿತ್ತು, ಅರ್ಧಕ್ಕರ್ಧ ಕೌದಿಗಳು ಅ‍ವರ ಮೈಮೇಲೇ ಇದ್ದವು. ನಾನು ಹಂಡೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಪಡಸಾಲೆಯಲ್ಲಿ ಫೋನು ಗಣಗಣಿಸಿತು. ಗಂಡ ಹಿತ್ತಲ ಬಾಗಿಲಿಗೆ ಬಂದು, ಹೈದರಾಬಾದಿನಿಂದ ಮೇಡಂ, ಮಾಲು ಇವತ್ತೇ ಬಸ್ಸಿಗೆ ಹಾಕುತ್ತೀರಾ ಎಂದು ಕೇಳುತ್ತಿದ್ದಾರೆ ಎಂದರು. ನಾನು ಬಾಯಿಯ ಮೇಲೆ ಬೆರಳಿಟ್ಟೆ.

"ಮನ್ಯಾಗ ಬಾಣಂತಿ ಮಲಗ್ಯಾರ, ನಾಳಿಗಿ ಫೋನ್ ಮಾಡ್ರಿ ಅಂತ ಹೇಳ್ರಿ."